ಹೋಳಿಗೆ ಡಬ್ಬಿಗೆ ಲವಂಗದ ಹಾಳೆ: ಬೂಷ್ಟು ತಡೆಯುವ, ಮಣ್ಣಿಗೆ ಮರಳುವ ಹೊದಿಕೆಯನ್ನು ತಯಾರಿಸುವ ವಿಧಾನ

ಹೋಳಿಗೆ ಮಾಡಿ ಮಾರುವ ಸಣ್ಣ ಘಟಕಗಳಿಗೂ ಸ್ವಸಹಾಯ ಸಂಘಗಳಿಗೂ ಎರಡು ತೊಂದರೆಗಳು ಒಟ್ಟಿಗೇ ಬರುತ್ತವೆ. ಬೇಳೆ, ಬೆಲ್ಲದ ಹೂರಣದಲ್ಲಿ ತೇವ ಇರುವುದರಿಂದ ಹೊರಗಿಟ್ಟ ಹೋಳಿಗೆಗೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಒಂದಕ್ಕೊಂದು ಅಂಟದಿರಲೆಂದು ನಡುನಡುವೆ ಇಡುವ ತೆಳು ಪ್ಲಾಸ್ಟಿಕ್ ಹಾಳೆಯಾದರೋ, ತುಪ್ಪದ ಜಿಡ್ಡು ಮೆತ್ತಿಕೊಂಡ ಮೇಲೆ ಮರುಬಳಕೆಗೂ ಹೋಗದೆ ನೇರವಾಗಿ ಕಸದ ರಾಶಿಯನ್ನು ಸೇರುತ್ತದೆ. ಈ ಎರಡಕ್ಕೂ ಒಂದು ಮಟ್ಟಿನ ಪರಿಹಾರವನ್ನು ಮರಗೆಣಸಿನ ಪಿಷ್ಟ ಮತ್ತು ಲವಂಗದ ಎಣ್ಣೆಯಿಂದ ಮಾಡಿಕೊಳ್ಳಬಹುದು. ಅದನ್ನು ಅಡುಗೆಮನೆಯಷ್ಟು ಸಲಕರಣೆಯಲ್ಲಿ, ಆದರೆ ಪ್ರಯೋಗಶಾಲೆಯಷ್ಟು ಎಚ್ಚರದಲ್ಲಿ ಹೇಗೆ ತಯಾರಿಸುವುದು, ಹೇಗೆ ಪರೀಕ್ಷಿಸುವುದು, ಮಾರಾಟಕ್ಕೆ ಇಳಿಯುವ ಮೊದಲು ಏನೇನು ನೋಡಿಕೊಳ್ಳಬೇಕು ಎಂಬುದನ್ನು ಈ ಲೇಖನ ವಿವರಿಸುತ್ತದೆ. ಆಹಾರ ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಕಿರುಯೋಜನೆಯಾಗಿಯೂ ಕೈಗೆತ್ತಿಕೊಳ್ಳಬಹುದು.

ಮೊದಲು ತಿನಿಸನ್ನು ನಿರ್ಧರಿಸಿ, ಆಮೇಲೆ ಹಾಳೆಯನ್ನು

ಈ ಕೆಲಸಕ್ಕೆ ಕೈ ಹಾಕುವವರಲ್ಲಿ ಬಹಳ ಮಂದಿ ಮೊದಲು ಹಾಳೆಯನ್ನು ತಯಾರಿಸಿ, ನಂತರ ಅದನ್ನು ಯಾವುದಕ್ಕೆ ಬಳಸಬಹುದೆಂದು ಹುಡುಕುತ್ತಾರೆ. ಆ ಕ್ರಮ ಸರಿಯಲ್ಲ. ಪಿಷ್ಟದ ಹಾಳೆಗೆ ತನ್ನದೇ ಆದ ಗುಣಾವಗುಣಗಳಿವೆ: ಎಣ್ಣೆ, ತುಪ್ಪವನ್ನು ಅದು ಚೆನ್ನಾಗಿ ತಡೆಯುತ್ತದೆ, ಒಣ ಹವೆಯಲ್ಲಿ ಆಮ್ಲಜನಕವನ್ನೂ ಸಾಕಷ್ಟು ತಡೆಯುತ್ತದೆ, ಆದರೆ ನೀರಿನ ಆವಿಗೆ ಅದು ತೆರೆದ ಬಾಗಿಲು, ನೀರೇ ತಗುಲಿದರೆ ಮೆತ್ತಗಾಗಿ ಹರಿದುಹೋಗುತ್ತದೆ. ಹಾಗಾಗಿ ಇಡ್ಲಿ, ಪಲ್ಯ, ಉಪ್ಪಿನಕಾಯಿ, ಹೆಚ್ಚಿಟ್ಟ ಹಣ್ಣು ಇವಕ್ಕೆ ಇದು ಹೇಳಿ ಮಾಡಿಸಿದ್ದಲ್ಲ. ಇನ್ನೊಂದು ತುದಿಯಲ್ಲಿ, ಉತ್ತರ ಕರ್ನಾಟಕದ ಖಡಕ್ ರೊಟ್ಟಿಯಂಥ ಪೂರ್ತಿ ಒಣಗಿದ ತಿನಿಸಿಗೆ ಬೂಷ್ಟಿನ ಭಯವೇ ಇಲ್ಲದ್ದರಿಂದ ಅದಕ್ಕೆ ಸೂಕ್ಷ್ಮಜೀವಿ ನಿರೋಧಕದ ಅಗತ್ಯವೂ ಇಲ್ಲ. ಅದಕ್ಕೆ ಬೇಕಾದದ್ದು ತೇವ ತಡೆಯುವ ಹೊದಿಕೆ, ಅದನ್ನಂತೂ ಪಿಷ್ಟ ಕೊಡಲಾರದು.

ಇವೆರಡರ ನಡುವೆ ಬರುವ ಹೋಳಿಗೆ, ಬನ್ನು, ಬ್ರೆಡ್ಡು, ಕೇಕು, ಚಪಾತಿ, ಪೇಡೆಯಂಥ ಖೋವಾ ಸಿಹಿಗಳೇ ಈ ಹಾಳೆಯ ನಿಜವಾದ ಕ್ಷೇತ್ರ. ಇವುಗಳನ್ನು ಹೆಚ್ಚಾಗಿ ಕೆಡಿಸುವುದು ಪೆನಿಸಿಲಿಯಮ್, ಆಸ್ಪರ್ಜಿಲಸ್, ರೈಜೋಪಸ್ ಮುಂತಾದ ಶಿಲೀಂಧ್ರಗಳು, ಮತ್ತು ಮಸಾಲೆ ಎಣ್ಣೆಗಳು ಚೆನ್ನಾಗಿ ಹಿಡಿತಕ್ಕೆ ತರುವುದೂ ಶಿಲೀಂಧ್ರಗಳನ್ನೇ. ಹೋಳಿಗೆಯನ್ನು ಉದಾಹರಣೆಯಾಗಿ ಆರಿಸಿಕೊಳ್ಳಲು ಇನ್ನೂ ಒಂದು ಕಾರಣವಿದೆ. ಏಲಕ್ಕಿ, ಜಾಯಿಕಾಯಿ ಬಿದ್ದ ಹೂರಣದ ಜೊತೆ ಲವಂಗದ ತೆಳುವಾದ ಪರಿಮಳ ಬೆರೆತರೆ ಬಾಯಿಗೆ ವಿರೋಧವೆನಿಸುವುದಿಲ್ಲ. ಅದೇ ಪರಿಮಳ ಸಾದಾ ಬ್ರೆಡ್ಡಿನಲ್ಲಿ ಬಂದರೆ ಗಿರಾಕಿ ಎರಡನೆಯ ಸಲ ಕೊಳ್ಳುವುದು ಅನುಮಾನ.

ಒಂದಲ್ಲ, ಎರಡು ಹಾಳೆ ಏಕೆ ಬೇಕು

ಲವಂಗದ ಮೊಗ್ಗಿನ ಎಣ್ಣೆಯಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಇರುವುದು ಯೂಜಿನಾಲ್ ಎಂಬ ಫೀನಾಲ್ ಜಾತಿಯ ರಾಸಾಯನಿಕ. ಅದು ಸೂಕ್ಷ್ಮಜೀವಿಯ ಕೋಶದ ಪೊರೆಯೊಳಗೆ ನುಗ್ಗಿ ಅದನ್ನು ಸಡಿಲಗೊಳಿಸುತ್ತದೆ. ಒಳಗಿನ ಪೊಟ್ಯಾಸಿಯಮ್ ಮುಂತಾದವು ಸೋರಿಹೋಗಿ ಜೀವಕೋಶ ಬೆಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ದಾಲ್ಚಿನ್ನಿ ತೊಗಟೆಯ ಸಿನ್ನಮಾಲ್ಡಿಹೈಡ್, ಓಮದ ಥೈಮಾಲ್, ಮಜ್ಜಿಗೆ ಹುಲ್ಲಿನ ಸಿಟ್ರಾಲ್ ಇವೂ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯಬಲ್ಲವು. ಇ. ಕೋಲೈನಂಥ ಬ್ಯಾಕ್ಟೀರಿಯಾಗಳಿಗೆ (ಇವನ್ನು ‘ಗ್ರಾಂ ಋಣ’ ಗುಂಪು ಎನ್ನುತ್ತಾರೆ) ಹೊರಗೆ ಇನ್ನೊಂದು ಪೊರೆ ಇರುವುದರಿಂದ ಅವು ಇಂಥ ಎಣ್ಣೆಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಈ ಮಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಕೊಳಕು ಕೈಯಿಂದ ಬಂದ ಸೋಂಕನ್ನು ಹಾಳೆ ಗುಣಪಡಿಸುತ್ತದೆಂಬ ಭ್ರಮೆ ಹುಟ್ಟುವುದಿಲ್ಲ.

ಇಷ್ಟು ತಿಳಿದ ಮೇಲೆ ಲವಂಗದ ಎಣ್ಣೆ ಬೆರೆಸಿದ ಹಾಳೆಯನ್ನೇ ಹೋಳಿಗೆಗೆ ಸುತ್ತಿಬಿಡೋಣ ಎನಿಸುವುದು ಸಹಜ. ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. 20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ, ಅಂದರೆ 300 ಚದರ ಸೆಂ.ಮೀ. ಹಾಳೆಗೆ 0.4 ಗ್ರಾಂ ಎಣ್ಣೆ ಹಾಕಿದ್ದೇವೆ ಎಂದುಕೊಳ್ಳಿ. 16 ಸೆಂ.ಮೀ. ವ್ಯಾಸದ ಹೋಳಿಗೆಯ ಒಂದು ಮೈಯನ್ನು ಮುಚ್ಚುವ ತುಂಡಿನಲ್ಲಿ ಸುಮಾರು 270 ಮಿಲಿಗ್ರಾಂ ಎಣ್ಣೆ, ಅದರಲ್ಲಿ 200 ಮಿಲಿಗ್ರಾಮಿಗೂ ಹೆಚ್ಚು ಯೂಜಿನಾಲ್ ಇರುತ್ತದೆ. ಆಹಾರದಲ್ಲಿ ಸೇರಿಸುವ ಪದಾರ್ಥಗಳನ್ನು ಪರಿಶೀಲಿಸುವ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಜ್ಞರ ಸಮಿತಿ ಯೂಜಿನಾಲ್‌ಗೆ ನಿಗದಿಪಡಿಸಿರುವ ದಿನದ ಮಿತಿ ದೇಹತೂಕದ ಪ್ರತಿ ಕಿಲೋಗೆ 2.5 ಮಿಲಿಗ್ರಾಂ. 20 ಕಿಲೋ ತೂಕದ ಮಗುವಿಗೆ ಅದು 50 ಮಿಲಿಗ್ರಾಂ, 60 ಕಿಲೋ ತೂಕದ ದೊಡ್ಡವರಿಗೆ 150 ಮಿಲಿಗ್ರಾಂ. ಒಣಗುವಾಗ ಎಣ್ಣೆಯ ಒಂದಷ್ಟು ಪಾಲು ಹಾರಿಹೋಗುತ್ತದೆ, ಉಳಿದದ್ದೆಲ್ಲವೂ ತಿನಿಸಿಗೆ ಇಳಿಯುವುದಿಲ್ಲ ಎಂಬುದು ನಿಜವೇ. ಆದರೂ ಸುರಕ್ಷತೆಯ ಲೆಕ್ಕವನ್ನು ಕೆಟ್ಟ ಸಂದರ್ಭವನ್ನು ಹಿಡಿದೇ ಮಾಡಬೇಕು, ಅದರಲ್ಲೂ ತುಪ್ಪ ಸವರಿದ ಹೋಳಿಗೆ ಇಂಥ ಎಣ್ಣೆಯನ್ನು ಬಹು ಬೇಗ ಹೀರಿಕೊಳ್ಳುತ್ತದೆ.

ಆದ್ದರಿಂದ ಇಲ್ಲಿ ಸೂಚಿಸುವ ಕ್ರಮ ಹೀಗಿದೆ. ಹೋಳಿಗೆಗಳ ನಡುವೆ ಇಡುವುದಕ್ಕೆ ಎಣ್ಣೆ ಬೆರೆಸದ ಸಾದಾ ಹಾಳೆ, ಡಬ್ಬಿಯ ಮುಚ್ಚಳದ ಒಳಮೈಗೆ, ತಿನಿಸಿಗೆ ತಗುಲದ ಹಾಗೆ, ಲವಂಗದ ಹಾಳೆಯ ಸಣ್ಣ ತುಂಡು. ಮಸಾಲೆ ಎಣ್ಣೆಗಳು ಆವಿಯಾಗಿಯೂ ಕೆಲಸ ಮಾಡುತ್ತವೆ. ಬ್ರೆಡ್ಡಿನ ಬೂಷ್ಟಿನ ಮೇಲೆ ಸಾಸಿವೆ, ದಾಲ್ಚಿನ್ನಿ, ಲವಂಗದ ಆವಿಗಳು ಪರಿಣಾಮಕಾರಿ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಹತ್ತು ಹೋಳಿಗೆಯ ಡಬ್ಬಿಗೆ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡನ್ನು ಇಟ್ಟರೆ ಅದರಲ್ಲಿರುವುದು ಹೆಚ್ಚೆಂದರೆ 133 ಮಿಲಿಗ್ರಾಂ ಎಣ್ಣೆ. ಅಷ್ಟೂ ಹತ್ತು ಹೋಳಿಗೆಗಳಲ್ಲಿ ಸಮನಾಗಿ ಸೇರಿತೆಂದರೂ ಒಂದೊಂದಕ್ಕೆ ಬರುವ ಯೂಜಿನಾಲ್ ಸುಮಾರು 10ರಿಂದ 12 ಮಿಲಿಗ್ರಾಂ. ಮಗು ಎರಡು ಹೋಳಿಗೆ ತಿಂದರೂ ಮಿತಿಯ ಅರ್ಧದೊಳಗೇ ಉಳಿಯುತ್ತದೆ.

ಬೇಕಾಗುವ ಪದಾರ್ಥಗಳು

ಒಂದು ಹಾಳೆಗೆ, ಅಂದರೆ ಮೇಲೆ ಹೇಳಿದ 300 ಚದರ ಸೆಂ.ಮೀ. ತಟ್ಟೆಗೆ, ಬೇಕಾದದ್ದು ಮರಗೆಣಸಿನ ಪಿಷ್ಟ 4 ಗ್ರಾಂ, ಶುದ್ಧೀಕರಿಸಿದ ನೀರು 100 ಮಿಲಿ ಲೀಟರ್, ಗ್ಲಿಸರಿನ್ 1.2 ಗ್ರಾಂ. ಲವಂಗದ ಹಾಳೆಯಾದರೆ ಇದರ ಜೊತೆಗೆ ಲವಂಗದ ಮೊಗ್ಗಿನ ಎಣ್ಣೆ 0.4 ಗ್ರಾಂ ಮತ್ತು ಎಣ್ಣೆಯನ್ನು ನೀರಿನಲ್ಲಿ ಬೆರೆಸಿ ಹಿಡಿಯಲು ಆಹಾರ ದರ್ಜೆಯ ಪಾಲಿಸಾರ್ಬೇಟ್ 80 ಸುಮಾರು 0.1 ಗ್ರಾಂ. ಪಾಲಿಸಾರ್ಬೇಟ್ ಬೇಡವೆನ್ನುವವರು ಸೋಯಾ ಲೆಸಿಥಿನ್ ಬಳಸಬಹುದು, ಆಗ ಹಾಳೆ ಸ್ವಲ್ಪ ಮಬ್ಬಾಗುತ್ತದೆ.

ಮರಗೆಣಸಿನ ಪಿಷ್ಟವನ್ನು ಸೂಚಿಸುವುದಕ್ಕೆ ಕಾರಣ ಅದರ ಹಾಳೆ ತಿಳಿಯಾಗಿ, ರುಚಿ ವಾಸನೆಯಿಲ್ಲದೆ, ಮೃದುವಾಗಿ ಬರುವುದು. ಸೇಲಂ ಸುತ್ತಮುತ್ತಲಿನ ಸಬ್ಬಕ್ಕಿ ಗಿರಣಿಗಳಿಂದಾಗಿ ಅದು ನಮ್ಮ ಕಡೆಯೂ ಸುಲಭವಾಗಿ ಸಿಗುತ್ತದೆ. ಅಂಗಡಿಯ ಕಾರ್ನ್‌ಫ್ಲೋರ್‌ನಿಂದಲೂ ಹಾಳೆ ಆಗುತ್ತದೆ, ಆದರೆ ಮೆಕ್ಕೆಜೋಳದ ಪಿಷ್ಟದಲ್ಲಿ ಅಮೈಲೋಸ್ ಎಂಬ ನೇರ ಎಳೆಯ ಅಂಶ ಹೆಚ್ಚಿರುವುದರಿಂದ ಅದು ಗಡುಸಾಗಿರುತ್ತದೆ. ಗ್ಲಿಸರಿನ್ ಇಲ್ಲದಿದ್ದರೆ ಯಾವ ಪಿಷ್ಟದ ಹಾಳೆಯಾದರೂ ಒಣಗಿದ ಮೇಲೆ ಚೂರು ಚೂರಾಗುತ್ತದೆ. ಪಿಷ್ಟದ ಎಳೆಗಳ ನಡುವೆ ಸೇರಿಕೊಂಡು ಅವು ಒಂದರ ಮೇಲೊಂದು ಜಾರುವಂತೆ ಮಾಡುವುದೇ ಗ್ಲಿಸರಿನ್‌ನ ಕೆಲಸ. ಅದು ತೇವವನ್ನೂ ಎಳೆದುಕೊಳ್ಳುವುದರಿಂದ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಅದನ್ನು 1 ಗ್ರಾಮಿಗೆ ಇಳಿಸಬೇಕು, ಬಯಲುಸೀಮೆಯ ಬೇಸಿಗೆಯಲ್ಲಿ 1.4 ಗ್ರಾಮಿನವರೆಗೆ ಏರಿಸಬಹುದು.

ಖರೀದಿಯಲ್ಲಿ ಎರಡು ವಿಷಯಗಳಿಗೆ ರಾಜಿ ಬೇಡ. ಗ್ಲಿಸರಿನ್ ಆಹಾರ ದರ್ಜೆಯದೋ ಔಷಧ ದರ್ಜೆಯದೋ ಆಗಿರಬೇಕು, ಅದರ ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಕೈಗಾರಿಕಾ ದರ್ಜೆಯದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತು ಪ್ರಾಣಹಾನಿಯಾದ ಪ್ರಸಂಗಗಳು ಔಷಧಗಳ ಇತಿಹಾಸದಲ್ಲಿ ಒಂದೆರಡಲ್ಲ. ಹಾಗೆಯೇ ಲವಂಗದ ಎಣ್ಣೆ ಆಹಾರದಲ್ಲಿ ಬಳಸುವ ದರ್ಜೆಯ, ಹಬೆಯಲ್ಲಿ ಬಟ್ಟಿ ಇಳಿಸಿದ ಮೊಗ್ಗಿನ ಎಣ್ಣೆಯಾಗಿರಬೇಕು. ಸುಗಂಧಕ್ಕೆಂದು ಮಾರುವ ಮಿಶ್ರ ಎಣ್ಣೆಗಳಾಗಲಿ, ಕೊಬ್ಬರಿ ಎಣ್ಣೆಯಲ್ಲಿ ಲವಂಗ ನೆನೆಸಿದ್ದಾಗಲಿ ಆಗದು. ದಾಲ್ಚಿನ್ನಿ ಎಣ್ಣೆ ಆರಿಸುವವರು ತೊಗಟೆಯದೋ ಎಲೆಯದೋ ಎಂದು ಕೇಳಿಯೇ ಕೊಳ್ಳಬೇಕು, ಏಕೆಂದರೆ ತೊಗಟೆಯ ಎಣ್ಣೆಯಲ್ಲಿ ಸಿನ್ನಮಾಲ್ಡಿಹೈಡ್ ಪ್ರಧಾನವಾದರೆ ಎಲೆಯ ಎಣ್ಣೆಯಲ್ಲಿ ಯೂಜಿನಾಲ್ ಪ್ರಧಾನ. ಈ ಎಣ್ಣೆಗಳೆಲ್ಲ ಚರ್ಮಕ್ಕೆ, ಕಣ್ಣಿಗೆ ಉರಿ ತರುವಂಥವು. ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ ಕೆಲಸ ಮಾಡಬೇಕು, ಶೀಶೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಸಲಕರಣೆಗಳಲ್ಲಿ ಮುಖ್ಯವಾದದ್ದು 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ. ಎಣ್ಣೆಯನ್ನು ಹನಿ ಎಣಿಸಿ ಹಾಕುವ ಪದ್ಧತಿಯನ್ನು ಬಿಟ್ಟುಬಿಡಿ, ಹನಿಯ ಗಾತ್ರ ಎಣ್ಣೆಯಿಂದ ಎಣ್ಣೆಗೆ, ಶೀಶೆಯಿಂದ ಶೀಶೆಗೆ ಬದಲಾಗುತ್ತದೆ. ಥರ್ಮಾಮೀಟರ್, ಕೈ ಬ್ಲೆಂಡರ್, ಸಮತಟ್ಟಾದ ತಳವಿರುವ ಅಕ್ರಿಲಿಕ್ ತಟ್ಟೆ ಅಥವಾ ಸಿಲಿಕೋನ್ ಹಾಸಿದ ಟ್ರೇ, ಕಡಿಮೆ ಉಷ್ಣತೆಗೆ ಹೊಂದಿಸಬಹುದಾದ ಫ್ಯಾನ್ ಇರುವ ಡ್ರೈಯರ್ ಇವಿಷ್ಟಿದ್ದರೆ ಸಾಕು.

ಗಂಜಿ ಕಾಯಿಸುವುದು, ಎಣ್ಣೆ ಬೆರೆಸುವುದು

ಪಾತ್ರೆಯನ್ನು ಖಾಲಿಯಾಗಿ ತೂಗಿ ಬರೆದಿಟ್ಟುಕೊಳ್ಳಿ. ತಣ್ಣೀರಿಗೆ ಪಿಷ್ಟವನ್ನು ಹಾಕಿ ಗಂಟಿಲ್ಲದಂತೆ ಕದಡಿ, ಗ್ಲಿಸರಿನ್ ಸೇರಿಸಿ, ಮತ್ತೊಮ್ಮೆ ಒಟ್ಟು ತೂಕವನ್ನು ನೋಡಿ. ಬಿಸಿ ನೀರಿಗೆ ಪಿಷ್ಟ ಹಾಕಿದರೆ ಹೊರಪದರ ಬೆಂದು ಒಳಗೆ ಹಸಿ ಗಂಟುಗಳು ಉಳಿಯುತ್ತವೆ, ಅವು ಹಾಳೆಯಲ್ಲಿ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ನಂತರ ಸಣ್ಣ ಉರಿಯಲ್ಲಿ, ಕೈ ಬಿಡದೆ ತಳ ಮುಟ್ಟುವಂತೆ ತಿರುವುತ್ತ ಕಾಯಿಸಬೇಕು. 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹಾಲಿನ ಬಣ್ಣದ ನೀರು ಇದ್ದಕ್ಕಿದ್ದಂತೆ ಮಂದವಾಗತೊಡಗುತ್ತದೆ. ಸಂಡಿಗೆಗೆ ಕಾಯಿಸಿದ ಸಬ್ಬಕ್ಕಿ ಗಂಜಿಯಂತೆ ಅದು ಬಿಳುಪು ಕಳೆದುಕೊಂಡು ಗಾಜಿನಂಥ ತಿಳಿಬಣ್ಣಕ್ಕೆ ತಿರುಗುತ್ತದೆ. ಇಲ್ಲಿಗೇ ಇಳಿಸಬಾರದು. 85ರಿಂದ 90 ಡಿಗ್ರಿಯಲ್ಲಿ ಹತ್ತು ನಿಮಿಷ ಹಿಡಿದಿಟ್ಟರೆ ಮಾತ್ರ ಪಿಷ್ಟದ ಕಣಗಳು ಪೂರ್ತಿ ಒಡೆದು ಎಳೆಗಳು ಹೊರಬರುತ್ತವೆ, ಒಣಗುವಾಗ ಅವೇ ಹೆಣೆದುಕೊಂಡು ಹಾಳೆಯಾಗುತ್ತವೆ. ಅರ್ಧ ಬೆಂದ ಗಂಜಿಯ ಹಾಳೆ ಒಣಗಿದ ಮೇಲೆ ಪುಡಿಪುಡಿಯಾಗಿ ಉದುರುತ್ತದೆ.

ಇಳಿಸಿದ ಮೇಲೆ ಮತ್ತೆ ತೂಗಿ, ಆವಿಯಾಗಿ ಕಡಿಮೆಯಾದಷ್ಟು ಬಿಸಿ ನೀರನ್ನು ಸೇರಿಸಿ ಮೊದಲಿನ ತೂಕಕ್ಕೆ ತನ್ನಿ. ಈ ಚಿಕ್ಕ ಕೆಲಸವನ್ನು ಬಿಟ್ಟರೆ ಒಂದು ಸಲದ ಗಂಜಿ ಇನ್ನೊಂದು ಸಲಕ್ಕಿಂತ ದಪ್ಪವಾಗಿ, ತಟ್ಟೆಯಲ್ಲಿ ಒಂದೇ ಸಮ ಹರಡದೆ, ಹಾಳೆಯ ದಪ್ಪವೂ ಅದರಲ್ಲಿರುವ ಎಣ್ಣೆಯ ಪ್ರಮಾಣವೂ ಪ್ರತಿ ಬಾರಿ ಬೇರೆಯಾಗುತ್ತವೆ.

ಸಾದಾ ಹಾಳೆಯಾದರೆ ಗಂಜಿಯನ್ನು ಈಗಲೇ ತಟ್ಟೆಗೆ ಸುರಿಯಬಹುದು. ಲವಂಗದ ಹಾಳೆಗಾದರೆ ಅದು 50ರಿಂದ 55 ಡಿಗ್ರಿಗೆ ಇಳಿಯುವವರೆಗೆ ಕಾಯಬೇಕು. ಕುದಿಯುವ ಗಂಜಿಗೆ ಎಣ್ಣೆ ಹಾಕಿದರೆ ಅಡುಗೆಮನೆಯೆಲ್ಲ ಘಮಘಮಿಸುತ್ತದೆ, ಆದರೆ ಆ ಘಮವೆಲ್ಲ ಹಾಳೆಯಲ್ಲಿ ಉಳಿಯಬೇಕಾಗಿದ್ದದ್ದು. ಅಷ್ಟರೊಳಗೆ ಒಂದು ಪುಟ್ಟ ಗಾಜಿನ ಲೋಟದಲ್ಲಿ ಎಣ್ಣೆ ಮತ್ತು ಪಾಲಿಸಾರ್ಬೇಟನ್ನು ತೂಗಿ ಹಾಕಿ, ಐದಾರು ಚಮಚ ಗಂಜಿಯೊಂದಿಗೆ ಚೆನ್ನಾಗಿ ಕಲಸಿಟ್ಟುಕೊಳ್ಳಿ. ಅದನ್ನು ಮುಖ್ಯ ಪಾತ್ರೆಗೆ ಸುರಿದು, ಬ್ಲೆಂಡರಿನ ತಲೆ ಗಂಜಿಯೊಳಗೆ ಪೂರ್ತಿ ಮುಳುಗಿರುವಂತೆ ಹಿಡಿದು, ಎರಡು ಮೂರು ನಿಮಿಷ ತಿರುಗಿಸಿ. ಗಂಜಿ ಒಂದೇ ಸಮನಾದ ತೆಳು ಹಾಲಿನ ಬಣ್ಣಕ್ಕೆ ಬರಬೇಕು. ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತಿದ್ದರೆ ಇನ್ನೂ ಬೆರೆತಿಲ್ಲ ಎಂದರ್ಥ, ಹಾಗೆಯೇ ಒಣಗಿಸಿದರೆ ಆ ಕಡೆಗಳಲ್ಲಿ ತೂತು ಬೀಳುತ್ತದೆ. ಬಳಿಕ ಪಾತ್ರೆಯನ್ನು ಮುಚ್ಚಿ ಹತ್ತು ನಿಮಿಷ ಅಲುಗಾಡಿಸದೆ ಇಟ್ಟರೆ ಗುಳ್ಳೆಗಳು ಮೇಲೆ ಬಂದು ಒಡೆಯುತ್ತವೆ.

ಸುರಿದು ಒಣಗಿಸುವುದು

ತಟ್ಟೆ ಸಮತಟ್ಟಾಗಿದೆಯೇ ಎಂದು ಗಾರೆ ಕೆಲಸದವರ ರಸಮಟ್ಟದಿಂದ ನೋಡಿಕೊಂಡು ಗಂಜಿಯನ್ನು ಸುರಿಯಿರಿ. ಓರೆಯಾದ ತಟ್ಟೆಯಲ್ಲಿ ಒಂದು ಅಂಚು ಸಿಗರೇಟಿನ ಕಾಗದದಷ್ಟು ತೆಳುವಾಗಿ, ಇನ್ನೊಂದು ಅಂಚು ಒಣಗದೆ ಅಂಟಂಟಾಗಿ ಉಳಿಯುತ್ತದೆ. 35ರಿಂದ 40 ಡಿಗ್ರಿಯಲ್ಲಿ, ನಿಧಾನ ಗಾಳಿಯಲ್ಲಿ, ಸಾಮಾನ್ಯವಾಗಿ 16ರಿಂದ 24 ಗಂಟೆಯಲ್ಲಿ ಹಾಳೆ ಒಣಗುತ್ತದೆ. ಬಿಸಿಲಿಗೆ ಇಡುವುದು ನಮಗೆ ರೂಢಿಯಾದರೂ ಇಲ್ಲಿ ಅದು ಕೂಡದು. ಬಿಸಿಲಿನ ಝಳಕ್ಕೆ ಎಣ್ಣೆ ಹಾರುತ್ತದೆ, ಮೇಲ್ಪದರ ಬೇಗ ಒಣಗಿ ಬಿರಿಯುತ್ತದೆ, ಧೂಳೂ ಕೂರುತ್ತದೆ. ಮಳೆಗಾಲದಲ್ಲಿ ಬರೀ ಫ್ಯಾನಿನ ಗಾಳಿಯನ್ನು ನಂಬಿದರೆ ಒಣಗುವ ಮೊದಲೇ ಸಾದಾ ಹಾಳೆಗೆ ಬೂಷ್ಟು ಬಂದೀತು.

ಒಣಗಿದ್ದರ ಗುರುತು ಅಂಚಿನಲ್ಲಿ ಸಿಗುತ್ತದೆ. ಮೂಲೆಯೊಂದು ತಾನಾಗಿ ತಟ್ಟೆ ಬಿಟ್ಟು ಏಳತೊಡಗಿದಾಗ ಅಲ್ಲಿಂದ ಬೆರಳು ತೂರಿಸಿ ನಿಧಾನವಾಗಿ ಎಳೆದರೆ ಹಾಳೆ ಪೂರ್ತಿಯಾಗಿ ಬಿಡಿಸಿಕೊಂಡು ಬರುತ್ತದೆ. ಎಳೆದಾಗ ಹಿಗ್ಗಿ ತಟ್ಟೆಗೆ ಅಂಟಿಕೊಂಡರೆ ಇನ್ನೂ ಒಣಗಬೇಕು. ಚಟ್ ಎಂದು ಸೀಳಿದರೆ ಅತಿಯಾಗಿ ಒಣಗಿದೆ, ಅದನ್ನು ಕೋಣೆಯ ಹವೆಯಲ್ಲಿ ಒಂದೆರಡು ಗಂಟೆ ಬಿಟ್ಟರೆ ತುಸು ತೇವ ಹೀರಿ ಮೆತ್ತಗಾಗುತ್ತದೆ. ಸರಿಯಾಗಿ ಬಂದ ಹಾಳೆಯ ತೂಕ 6 ಗ್ರಾಮಿನ ಆಸುಪಾಸು, ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟು ಇರುತ್ತದೆ. ಮೈಕ್ರೋಮೀಟರ್ ಇಲ್ಲದವರು ಹತ್ತು ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಅಳೆದು ಹತ್ತರಿಂದ ಭಾಗಿಸಬಹುದು.

ಹಾಳೆಗಳ ನಡುವೆ ಬಟರ್ ಪೇಪರ್ ಇಟ್ಟು, ಸಾದಾ ಹಾಳೆಗಳನ್ನೂ ಲವಂಗದ ಹಾಳೆಗಳನ್ನೂ ಬೇರೆ ಬೇರೆ ಸ್ಟೀಲ್ ಡಬ್ಬಿಗಳಲ್ಲಿ ಬಿಗಿಯಾಗಿ ಮುಚ್ಚಿ, ತಯಾರಿಸಿದ ದಿನಾಂಕ ಬರೆದಿಡಿ. ಪಿಷ್ಟದ ಎಳೆಗಳು ದಿನ ಕಳೆದಂತೆ ಮತ್ತೆ ಬಿಗಿದುಕೊಂಡು ಹಾಳೆ ಗಡುಸಾಗುತ್ತದೆ, ಎಣ್ಣೆಯೂ ಕಡಿಮೆಯಾಗುತ್ತಲೇ ಹೋಗುತ್ತದೆ. ಆದ್ದರಿಂದ ಎರಡು ವಾರಕ್ಕೆ ಬೇಕಾದಷ್ಟನ್ನೇ ತಯಾರಿಸಿಕೊಳ್ಳುವುದು ಒಳ್ಳೆಯದು.

ಡಬ್ಬಿ ತುಂಬುವುದು

ಹೋಳಿಗೆ ಪೂರ್ತಿ ತಣ್ಣಗಾಗುವವರೆಗೆ ಕಾಯುವುದು ಈ ಇಡೀ ವಿಧಾನದ ಅತಿ ಮುಖ್ಯ ಹೆಜ್ಜೆ ಎಂದರೂ ಸಲ್ಲುತ್ತದೆ. ಬೆಚ್ಚಗಿರುವಾಗಲೇ ಮುಚ್ಚಿದರೆ ಹಬೆ ಮುಚ್ಚಳಕ್ಕೆ ಹನಿಗಟ್ಟಿ ಕೆಳಗಿಳಿದು ಹಾಳೆಯನ್ನು ಕರಗಿಸುತ್ತದೆ, ಬೂಷ್ಟಿಗೆ ಬೇಕಾದ ತೇವವನ್ನೂ ಒದಗಿಸುತ್ತದೆ. ಆರಿದ ಹೋಳಿಗೆಗಳನ್ನು ಸ್ವಚ್ಛವಾದ ಇಕ್ಕಳದಿಂದ ಎತ್ತಿ, ಒಂದೊಂದರ ನಡುವೆ ಸಾದಾ ಹಾಳೆ ಇಟ್ಟು ಜೋಡಿಸಿ. ಲವಂಗದ ಹಾಳೆಯ ತುಂಡಿನ ನಾಲ್ಕು ಮೂಲೆಗಳನ್ನು ಮುಚ್ಚಳದ ಒಳಗೆ ಅಂಟಿಸಲು ದಪ್ಪಗೆ ಕಾಯಿಸಿದ ಅದೇ ಮರಗೆಣಸಿನ ಗಂಜಿ ಸಾಕು, ಬೇರೆ ಅಂಟು ಬೇಡ. ಮೇಲಿನ ಹೋಳಿಗೆಗೂ ಮುಚ್ಚಳಕ್ಕೂ ನಡುವೆ ಎರಡು ಬೆರಳಿನಷ್ಟು ಜಾಗ ಬಿಡಿ. ರಟ್ಟಿನ ಡಬ್ಬಿಯಾದರೆ ಸಂದುಗಳಿಗೆ ಕಾಗದದ ಟೇಪ್ ಹಚ್ಚದಿದ್ದರೆ ಆವಿ ಒಳಗೆ ನಿಲ್ಲುವುದಿಲ್ಲ.

ಫಲವಿದೆಯೇ ಎಂದು ತಿಳಿಯುವುದು ಹೇಗೆ

ಲವಂಗದ ವಾಸನೆ ಬರುತ್ತಿದೆ ಎಂಬ ಮಾತ್ರಕ್ಕೆ ಬೂಷ್ಟು ತಡೆಯುತ್ತಿದೆ ಎಂದಲ್ಲ. ಮೂಗಿಗೆ ತಿಳಿಯುವ ಪ್ರಮಾಣ ಬಹಳ ಕಡಿಮೆ, ಶಿಲೀಂಧ್ರ ತಡೆಯಲು ಬೇಕಾದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದ ಹೋಲಿಕೆಯ ಪ್ರಯೋಗ ಮಾಡದೆ ಬೇರೆ ದಾರಿಯಿಲ್ಲ.

ಒಂದೇ ಒಲೆಯಲ್ಲಿ, ಒಂದೇ ದಿನ ಮಾಡಿದ ಹೋಳಿಗೆಗಳನ್ನು ಮೂರು ಗುಂಪು ಮಾಡಿ. ಮೊದಲನೆಯದು ಯಾವ ಹಾಳೆಯೂ ಇಲ್ಲದ ಡಬ್ಬಿಗಳು, ಎರಡನೆಯದು ಮುಚ್ಚಳದಲ್ಲೂ ಸಾದಾ ಹಾಳೆಯನ್ನೇ ಅಂಟಿಸಿದ ಡಬ್ಬಿಗಳು, ಮೂರನೆಯದು ಮುಚ್ಚಳದಲ್ಲಿ ಲವಂಗದ ಹಾಳೆ ಇರುವವು. ಪ್ರತಿ ಗುಂಪಿನಲ್ಲೂ ಕನಿಷ್ಠ ಐದು ಡಬ್ಬಿ ಇರಲಿ. ಎರಡನೆಯ ಗುಂಪನ್ನು ಅನಗತ್ಯವೆಂದು ಬಿಡುವವರೇ ಹೆಚ್ಚು, ಆದರೆ ಪ್ರಯೋಗದ ಜೀವಾಳವೇ ಅದು. ಪಿಷ್ಟದ ಹಾಳೆ ತೇವ ಹೀರಿಕೊಂಡೇ ಬೂಷ್ಟನ್ನು ಒಂದು ದಿನ ಮುಂದೂಡಬಹುದು, ಆಗ ಆ ಒಂದು ದಿನದ ಕೀರ್ತಿ ಲವಂಗಕ್ಕೆ ಸಲ್ಲಬಾರದು. ಡಬ್ಬಿಗಳಿಗೆ ಗುಂಪಿನ ಹೆಸರು ಬರೆಯದೆ ಸಂಖ್ಯೆ ಮಾತ್ರ ಬರೆದು, ದಿನಾ ಒಂದೇ ಹೊತ್ತಿಗೆ, ಗುಂಪು ಯಾವುದೆಂದು ತಿಳಿಯದ ಬೇರೊಬ್ಬರಿಂದ ನೋಡಿಸಬೇಕು. ನೋಡಲೆಂದು ಮುಚ್ಚಳ ತೆಗೆದರೆ ಆವಿ ಹೊರಹೋಗುವುದರಿಂದ ಪಾರದರ್ಶಕ ಗಾಜಿನ ಡಬ್ಬಿ ಅನುಕೂಲ. ಮೊದಲ ಚುಕ್ಕೆ ಯಾವ ದಿನ ಕಂಡಿತು, ಆ ದಿನ ಕೋಣೆಯ ಉಷ್ಣತೆ ಎಷ್ಟಿತ್ತು ಎಂಬುದನ್ನು ಪುಸ್ತಕದಲ್ಲಿ ಬರೆಯಿಸಿ. ಬೂಷ್ಟು ಬಂದದ್ದನ್ನು ಮೂಸಿ ನೋಡುವುದೂ ಬೇಡ, ರುಚಿ ನೋಡುವುದಂತೂ ಬೇಡವೇ ಬೇಡ. ಕಣ್ಣಿಗೆ ಬೂಷ್ಟು ಕಾಣದ ಹೋಳಿಗೆಯಲ್ಲೂ ಯೀಸ್ಟ್, ಬ್ಯಾಕ್ಟೀರಿಯಾ ಬೆಳೆದಿರಬಹುದಾದ್ದರಿಂದ ಬಾಳಿಕೆಯ ದಿನವನ್ನು ನಿರ್ಧರಿಸಬೇಕಾದದ್ದು ಪ್ರಯೋಗಾಲಯದ ಸೂಕ್ಷ್ಮಜೀವಿ ಎಣಿಕೆಯೇ ಹೊರತು ಈ ಮನೆಪ್ರಯೋಗವಲ್ಲ.

ಕಾಲೇಜಿನ ಪ್ರಯೋಗಾಲಯವಿರುವವರು ಸೂಕ್ಷ್ಮಜೀವಿ ಬೆಳೆಸುವ ಅಗರ್ ತಟ್ಟೆಯ ಮೇಲೆ ಹಾಳೆಯ ಬಿಲ್ಲೆಯನ್ನಿಟ್ಟು ಸುತ್ತಲೂ ಬೆಳೆಯದೆ ಉಳಿದ ವಲಯವನ್ನು ಅಳೆಯುವುದುಂಟು. ಅದರಿಂದ ಎಣ್ಣೆಗಳನ್ನು ಪರಸ್ಪರ ಹೋಲಿಸಬಹುದು, ಆದರೆ ತಿನಿಸಿನ ಮೇಲೆ ಅಷ್ಟೇ ಫಲ ಸಿಗುತ್ತದೆಂದು ಹೇಳಲಾಗದು. ತುಪ್ಪ ಮತ್ತು ಬೇಳೆಯ ಪ್ರೋಟೀನ್ ಯೂಜಿನಾಲನ್ನು ತಮ್ಮಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ಸೂಕ್ಷ್ಮಜೀವಿಗೆ ತಲುಪುವ ಪಾಲು ಕಡಿಮೆಯಾಗುತ್ತದೆ.

ರುಚಿಯ ಪರೀಕ್ಷೆಯನ್ನು ತಯಾರಿಸಿದ ಮರುದಿನವೇ, ಕೆಡದ ಹೋಳಿಗೆಯಲ್ಲಿ ಮಾಡಬೇಕು. ಒಬ್ಬರಿಗೆ ಮೂರು ತುಂಡು ಕೊಡಿ. ಎರಡು ಒಂದೇ ಗುಂಪಿನವು, ಒಂದು ಬೇರೆ ಗುಂಪಿನದು, ಬೇರೆಯದು ಯಾವುದೆಂದು ಅವರು ಹೇಳಬೇಕು. ಸುಮ್ಮನೆ ಊಹಿಸಿದರೂ ಮೂವರಲ್ಲಿ ಒಬ್ಬರು ಸರಿ ಹೇಳುತ್ತಾರೆ. ಅದಕ್ಕಿಂತ ಬಹಳ ಹೆಚ್ಚು ಮಂದಿ ಗುರುತಿಸಿ, ಲವಂಗ ಜಾಸ್ತಿಯಾಯಿತೆಂದರೆ ಮುಚ್ಚಳದ ತುಂಡನ್ನು ಚಿಕ್ಕದು ಮಾಡಬೇಕು.

ಮಾರಾಟಕ್ಕೆ ಇಳಿಯುವ ಮುನ್ನ

ಮನೆಯ ಬಳಕೆಗೆ ಇಲ್ಲಿಗೆ ನಿಲ್ಲಬಹುದು, ಮಾರುವುದಾದರೆ ಕಾನೂನಿನ ಬಾಗಿಲು ದಾಟಬೇಕು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ಹೊರಡಿಸಿದ ಪ್ಯಾಕೇಜಿಂಗ್ ನಿಯಮಗಳು ಆಹಾರಕ್ಕೆ ತಗುಲುವ ಪ್ಲಾಸ್ಟಿಕ್ ಹೊದಿಕೆಗಳಿಂದ ತಿನಿಸಿಗೆ ಇಳಿಯುವ ಒಟ್ಟು ಪದಾರ್ಥಕ್ಕೆ ಕಿಲೋಗೆ 60 ಮಿಲಿಗ್ರಾಂ ಅಥವಾ ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ ಎಂಬ ಮಿತಿಯನ್ನು ಹಾಕಿವೆ, ಅದನ್ನು ಅಳೆಯುವ ವಿಧಾನ ಐಎಸ್ 9845 ಎಂಬ ಭಾರತೀಯ ಮಾನಕದಲ್ಲಿದೆ. ಪಿಷ್ಟ, ಗ್ಲಿಸರಿನ್ ಎರಡೂ ತಿನ್ನುವ ಪದಾರ್ಥಗಳೇ ಆದರೂ ನಿಮ್ಮ ಹಾಳೆಯನ್ನು ಹೊದಿಕೆಯೆಂದು ಪರಿಗಣಿಸಬೇಕೋ ಆಹಾರದ ಭಾಗವೆಂದೋ ಎಂಬುದನ್ನು ಪರವಾನಗಿ ನೀಡುವ ಅಧಿಕಾರಿಗಳಲ್ಲಿ ಕೇಳಿ ಸ್ಪಷ್ಟಪಡಿಸಿಕೊಳ್ಳಬೇಕು. ಮೈಸೂರಿನಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಆಹಾರ ಪ್ಯಾಕೇಜಿಂಗ್‌ಗೆಂದೇ ಒಂದು ವಿಭಾಗವಿದೆ. ಪರೀಕ್ಷೆಗೂ ಸಲಹೆಗೂ ಕರ್ನಾಟಕದವರಿಗೆ ಅದು ಒಳ್ಳೆಯ ಆಸರೆ.

ಸಸ್ಯಮೂಲದ್ದಾದ ಮಾತ್ರಕ್ಕೆ ನಿರಪಾಯ ಎಂಬ ವಾದವನ್ನು ಯಾವ ದೇಶದ ನಿಯಂತ್ರಕರೂ ಒಪ್ಪುವುದಿಲ್ಲ. ಅಡಿಕೆ ಹಾಳೆಯ ತಟ್ಟೆಗಳನ್ನು ಮಲೆನಾಡು, ಕರಾವಳಿಯ ಎಷ್ಟೋ ಕುಟುಂಬಗಳು ಹೆಮ್ಮೆಯಿಂದ ತಯಾರಿಸುತ್ತವೆ. ಅಡಿಕೆ ಮರದಲ್ಲಿರುವ ಆಲ್ಕಲಾಯ್ಡ್‌ಗಳು (ದೇಹದ ಮೇಲೆ ಪರಿಣಾಮ ಬೀರುವ ಸಸ್ಯ ರಾಸಾಯನಿಕಗಳು) ಆಹಾರಕ್ಕೆ ಇಳಿಯಬಹುದೆಂಬ ಕಾರಣಕ್ಕೆ 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ತಟ್ಟೆಗಳ ಆಮದಿಗೆ ತಡೆಯೊಡ್ಡಿತು. ಇಳಿಕೆಯ ಪರೀಕ್ಷೆಯ ವರದಿ ಕೈಯಲ್ಲಿರುವುದು ಎಷ್ಟು ಮುಖ್ಯವೆಂಬುದನ್ನು ಆ ಪ್ರಸಂಗ ಚೆನ್ನಾಗಿ ತೋರಿಸಿದೆ, ಹೊಸ ಹೊದಿಕೆ ತಯಾರಿಸುವವರು ಆ ಖರ್ಚನ್ನು ಆರಂಭದಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಜಾಣತನ.

ಇದೇ ದಾರಿಯಲ್ಲಿ ದೊಡ್ಡ ಪ್ರಮಾಣದ ಸಂಶೋಧನೆಯೂ ನಡೆದಿದೆ. ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಹಾರ್ವರ್ಡ್ ಸಂಶೋಧಕರು 2021ರಲ್ಲಿ ಮೆಕ್ಕೆಜೋಳದ ಝೀನ್ ಪ್ರೋಟೀನ್, ಪಿಷ್ಟ, ಥೈಮ್ ಎಣ್ಣೆ, ಸಿಟ್ರಿಕ್ ಆಮ್ಲ, ನೈಸಿನ್ ಎಂಬ ಬ್ಯಾಕ್ಟೀರಿಯಾ ನಿರೋಧಕ ಸೇರಿಸಿ ನಾರಿನ ಹಾಳೆಯೊಂದನ್ನು ತಯಾರಿಸಿದರು. ತೇವ ಹೆಚ್ಚಾದಾಗ ಅಥವಾ ಬ್ಯಾಕ್ಟೀರಿಯಾದ ಕಿಣ್ವ ತಾಗಿದಾಗ ಮಾತ್ರ ಅದು ನಿರೋಧಕವನ್ನು ಹೊರಬಿಡುತ್ತದೆ. ಅದರಲ್ಲಿ ಸುತ್ತಿಟ್ಟ ಸ್ಟ್ರಾಬೆರಿ ಏಳು ದಿನ ತಾಜಾ ಉಳಿದರೆ ಸಾಮಾನ್ಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕು ದಿನ ಉಳಿದವು. ನಾವು ಮನೆಯಲ್ಲಿ ತಯಾರಿಸುವ ಹಾಳೆಗೆ ಆ ಜಾಣ್ಮೆ ಇಲ್ಲ, ಅದು ಮೊದಲ ಕ್ಷಣದಿಂದಲೇ ಎಣ್ಣೆಯನ್ನು ಬಿಡುತ್ತ ಹೋಗುತ್ತದೆ. ಹಾಗಾಗಿ ಡಬ್ಬಿ ತುಂಬುವ ಗಳಿಗೆಯವರೆಗೂ ಅದನ್ನು ಮುಚ್ಚಿಟ್ಟಿರಬೇಕು.

ಡಬ್ಬಿಯ ಮೇಲೆ ಏನು ಬರೆಯಬೇಕೆಂಬುದರಲ್ಲೂ ಸಂಯಮ ಬೇಕು. ಗೊಬ್ಬರವಾಗುವ ಪ್ಲಾಸ್ಟಿಕ್ಕಿಗೆ ಭಾರತದಲ್ಲಿ ಐಎಸ್ 17088 ಎಂಬ ಮಾನಕವಿದ್ದು, ಅದರಂತೆ ನಿಯಂತ್ರಿತ ಗೊಬ್ಬರದ ಬಿಸಿಯಲ್ಲಿ 180 ದಿನಗಳೊಳಗೆ ಇಂಗಾಲದ ಶೇ. 90ರಷ್ಟು ಕಾರ್ಬನ್ ಡೈಆಕ್ಸೈಡ್ ಆಗಿ ಬದಲಾಗಬೇಕು. ಪರೀಕ್ಷೆ ಮಾಡಿಸದೆ ಆ ಮಾನಕದ ಹೆಸರನ್ನಾಗಲಿ ಗುರುತನ್ನಾಗಲಿ ಬಳಸಬಾರದು. ‘ಮರಗೆಣಸಿನ ಪಿಷ್ಟದಿಂದ ತಯಾರಿಸಿದ ಹಾಳೆ, ಮುಚ್ಚಳದಲ್ಲಿರುವ ಲವಂಗದ ಹಾಳೆಯನ್ನು ತಿನ್ನಬೇಡಿ’ ಎಂಬ ಸರಳ ಸೂಚನೆ ಸಾಕು.

ಬಳಸಿದ ಮೇಲೆ

ಹಾಳೆ ನಿಜಕ್ಕೂ ಮಣ್ಣಾಗುತ್ತದೆಯೇ ಎಂಬುದನ್ನು ನೀವೇ ನೋಡಬಹುದು. ನೈಲಾನ್ ಬಲೆಯ ಪುಟ್ಟ ಚೀಲಗಳಲ್ಲಿ ಸಾದಾ ಹಾಳೆಯ ತುಂಡನ್ನೂ ಲವಂಗದ ಹಾಳೆಯ ತುಂಡನ್ನೂ ಬೇರೆ ಬೇರೆ ಹಾಕಿ, ತೇವವಿರುವ ಗೊಬ್ಬರದ ಗುಂಡಿಯಲ್ಲಿ ಒಂದು ಗೇಣು ಆಳಕ್ಕೆ ಹೂತು, ವಾರಕ್ಕೊಮ್ಮೆ ಚೀಲವನ್ನು ತೆಗೆದು ನೋಡಿ. ಲವಂಗದ ತುಂಡು ಮೊದಲ ದಿನಗಳಲ್ಲಿ ಸ್ವಲ್ಪ ಹಿಂದೆ ಬೀಳಬಹುದು, ಎಣ್ಣೆ ಗೊಬ್ಬರದ ಜೀವಿಗಳನ್ನೂ ತಡೆಯುತ್ತದಲ್ಲವೇ. ಅದಕ್ಕಾಗಿ ಬಳಸಿದ ಹಾಳೆಗಳನ್ನು ಒಂದು ದಿನ ಗಾಳಿಗೆ ಬಿಟ್ಟು, ಚಿಕ್ಕದಾಗಿ ಕತ್ತರಿಸಿ ಗುಂಡಿಗೆ ಹಾಕುವಂತೆ ಗಿರಾಕಿಗಳಿಗೆ ತಿಳಿಸಿ. ಪ್ಲಾಸ್ಟಿಕ್ ಕಸದ ಜೊತೆ ಸೇರಿಸಿದರೆ ಅದು ಮರುಬಳಕೆಯ ಪ್ಲಾಸ್ಟಿಕ್ಕನ್ನೂ ಕೆಡಿಸುತ್ತದೆ, ಆದ್ದರಿಂದ ಹಸಿ ಕಸದ ಬುಟ್ಟಿಯೇ ಅದಕ್ಕೆ ಸರಿಯಾದ ಜಾಗ.